ನಲವತ್ತೆರಡು ಸರ್ವರ್‌ಗಳಿಗೆ ನಿಗಾ ಏಜೆಂಟ್: ಹಾಕುವ ಮೊದಲು ತೆಗೆಯುವುದನ್ನು ಕಲಿಯಿರಿ

ಪ್ರಶ್ನೆ: ನಾನು ಒಂದು ಕಂಪನಿಯ ಸರ್ವರ್ ನಿರ್ವಹಣೆ ತಂಡದಲ್ಲಿದ್ದೇನೆ. ನಮ್ಮಲ್ಲಿ 42 ಅಪ್ಲಿಕೇಶನ್ ಸರ್ವರ್‌ಗಳಿವೆ. ಹೆಚ್ಚಿನವು ಲಿನಕ್ಸ್ ಮೇಲಿನ ಟಾಮ್‌ಕ್ಯಾಟ್ (ಜಾವಾ ಅಪ್ಲಿಕೇಶನ್‌ಗಳನ್ನು ಓಡಿಸುವ ಸರ್ವರ್ ಸಾಫ್ಟ್‌ವೇರ್). ಅದೇ ಬಗೆಯ ಆರು ವೈಲ್ಡ್‌ಫ್ಲೈ, ಎರಡು ವೆಬ್‌ಲಾಜಿಕ್, ನಾಲ್ಕು ವಿಂಡೋಸ್ ಮೇಲಿನ ಟಾಮ್‌ಕ್ಯಾಟ್. ಎಲ್ಲದಕ್ಕೂ ಓಪನ್‌ಟೆಲಿಮೆಟ್ರಿ ಎಂಬ ಮುಕ್ತ ತಂತ್ರಾಂಶದ ಜಾವಾ ಏಜೆಂಟ್, ಅಂದರೆ ಅಪ್ಲಿಕೇಶನ್ ಒಳಗೆ ಏನು ನಡೆಯುತ್ತಿದೆ ಎಂದು ಅಳೆದು ಕಳಿಸುವ ತುಣುಕು, ಹಾಕಬೇಕೆಂದು ತೀರ್ಮಾನವಾಗಿದೆ. ನಮ್ಮ ಕೈಪಿಡಿಯಲ್ಲಿ 19 ಹಂತಗಳಿವೆ. ಒಂದು ಸರ್ವರ್‌ಗೆ ಅರ್ಧ ದಿನ ಹಿಡಿಯುತ್ತಿದೆ, ಆದರೂ ಯಾವ ಎರಡು ಸರ್ವರ್‌ಗಳೂ ಒಂದೇ ರೀತಿ ಆಗುತ್ತಿಲ್ಲ. ಶೆಲ್ ಸ್ಕ್ರಿಪ್ಟ್ ಬರೆದರೆ ಸಾಕೇ, ಇಲ್ಲವೇ ಏನಾದರೂ ಸಾಫ್ಟ್‌ವೇರ್ ಕೊಳ್ಳಬೇಕೇ? ಏಜೆಂಟ್ ಹಾಕಿದರೆ ಅಪ್ಲಿಕೇಶನ್ ನಿಧಾನವಾಗುತ್ತದೆ ಎಂದು ಡೆವಲಪರ್‌ಗಳು ಒಪ್ಪುತ್ತಿಲ್ಲ. ಅವರಿಗೆ ಏನು ಹೇಳಲಿ?

ಉತ್ತರ: ಕೊಳ್ಳುವ ಮಾತು ಈಗ ಬೇಡ. ಸ್ಕ್ರಿಪ್ಟ್ ಕೂಡ ಈ ವಾರ ಬರೆಯಬೇಡಿ. ಹತ್ತೊಂಬತ್ತು ಹಂತಗಳನ್ನು ಹಾಗೆಯೇ ಸ್ಕ್ರಿಪ್ಟ್‌ಗೆ ಇಳಿಸಿದರೆ ಗೊಂದಲ ಹಾಗೆಯೇ ಉಳಿದು ಅದರ ವೇಗ ಮಾತ್ರ ಹೆಚ್ಚುತ್ತದೆ. ಮೊದಲು ಒಂದೇ ಒಂದು ಟಾಮ್‌ಕ್ಯಾಟ್ ಸರ್ವರ್ ತೆಗೆದುಕೊಂಡು, ಅದರಲ್ಲಿ ಹಾಕಿರುವ ಏಜೆಂಟನ್ನು ಪೂರ್ತಿಯಾಗಿ ತೆಗೆಯಲು ಎಷ್ಟು ಹೊತ್ತು ಬೇಕು, ಎಷ್ಟು ಫೈಲುಗಳನ್ನು ಮುಟ್ಟಬೇಕು ಎಂದು ನೋಡಿ. ಅಳವಡಿಕೆ ಸರಳವಾಗಿದೆಯೇ ಎಂಬುದಕ್ಕೆ ನಾನು ನಂಬುವ ಅಳತೆ ಅದೊಂದೇ. ಒಂದು ಫೈಲು ಅಳಿಸಿ ಸೇವೆಯನ್ನು ಮರುಪ್ರಾರಂಭಿಸಿದರೆ ಏಜೆಂಟ್ ಹೋಗುತ್ತದೆ ಎಂದಾದರೆ ನಿಮ್ಮ ಅಳವಡಿಕೆ ಚೆನ್ನಾಗಿದೆ. ನಾಲ್ಕು ಫೈಲುಗಳಲ್ಲಿ ಸಾಲುಗಳನ್ನು ಹುಡುಕಿ ಹುಡುಕಿ ಕಮೆಂಟ್ ಮಾಡಬೇಕಾದರೆ ಎಷ್ಟು ಯಾಂತ್ರೀಕರಿಸಿದರೂ ಅದು ಸರಳವಾಗುವುದಿಲ್ಲ.

ಏಜೆಂಟ್ ಎಂದರೆ ಏನು ಎಂಬುದರಿಂದ ಶುರು ಮಾಡೋಣ, ಏಕೆಂದರೆ ತೊಡಕಿನ ಮೂಲ ಅಲ್ಲಿದೆ. 2004ರಲ್ಲಿ ಬಂದ ಜಾವಾ 5 ಆವೃತ್ತಿಯಲ್ಲಿ ಒಂದು ಸೌಲಭ್ಯ ಸೇರಿತು. ‘ಜಾವಾಏಜೆಂಟ್’ ಎಂಬ ಸೂಚನೆಯ ಜೊತೆ ಒಂದು ಜಾರ್ ಫೈಲಿನ (ಜಾವಾ ಪ್ರೋಗ್ರಾಂನ ಗಂಟು) ವಿಳಾಸ ಕೊಟ್ಟರೆ, ಜಾವಾ ಪ್ರೋಗ್ರಾಂಗಳನ್ನು ಓಡಿಸುವ ಜೆವಿಎಂ ನಿಮ್ಮ ಅಪ್ಲಿಕೇಶನ್ನಿನ ‘ಮೇನ್’ ವಿಧಾನಕ್ಕೆ ಹೋಗುವ ಮೊದಲೇ ಆ ಜಾರ್‌ನಲ್ಲಿರುವ ‘ಪ್ರೀಮೇನ್’ ಅನ್ನು ಕರೆಯುತ್ತದೆ. ಅಲ್ಲಿಂದ ಮುಂದೆ ಲೋಡ್ ಆಗುವ ಪ್ರತಿ ಕ್ಲಾಸಿನ ಬೈಟ್‌ಕೋಡನ್ನು (ಜೆವಿಎಂ ಓದುವ ರೂಪದ ಪ್ರೋಗ್ರಾಂ) ಏಜೆಂಟ್ ನೋಡಬಹುದು, ಬೇಕಾದ ಕಡೆ ಅಳತೆಯ ತುಣುಕುಗಳನ್ನು ಸೇರಿಸಬಹುದು. ನಿಮ್ಮ ಡೆವಲಪರ್‌ಗಳು ಒಂದು ಸಾಲೂ ಬರೆಯದೆ ಯಾವ ಎಸ್‌ಕ್ಯೂಎಲ್ ಎಷ್ಟು ಹೊತ್ತು ತೆಗೆದುಕೊಂಡಿತು ಎಂದು ಕಾಣುವುದು ಹೀಗೆ. ಓಡುತ್ತಿರುವ ಜೆವಿಎಂಗೆ ಏಜೆಂಟನ್ನು ಆಮೇಲೆ ಅಂಟಿಸುವ ದಾರಿಯೂ ಜಾವಾ 6ರಿಂದ ಇದೆ. ಆದರೆ 2023ರ ಜೆಡಿಕೆ 21ರಿಂದ ಹಾಗೆ ಅಂಟಿಸಿದಾಗ ಜೆವಿಎಂ ಎಚ್ಚರಿಕೆ ಮುದ್ರಿಸುತ್ತದೆ, ಮುಂದೊಂದು ಆವೃತ್ತಿಯಲ್ಲಿ ಅದನ್ನು ಡೀಫಾಲ್ಟ್ ಆಗಿ ತಡೆಯುವ ಉದ್ದೇಶವನ್ನೂ ಹೇಳಿದೆ. ಆ ದಾರಿಯ ಮೇಲೆ ಮನೆ ಕಟ್ಟಬೇಡಿ.

ಹಾಗಾಗಿ ಉಳಿಯುವ ಪ್ರಶ್ನೆ ಒಂದೇ: ಜೆವಿಎಂ ಹುಟ್ಟುವಾಗ ಅದರ ಕಿವಿಗೆ ಬೀಳುವ ಆ ಒಂದು ಸಾಲನ್ನು ಎಲ್ಲಿ ಬರೆಯಬೇಕು? ನಿಮ್ಮ ಕೈಪಿಡಿಯ ಹತ್ತೊಂಬತ್ತು ಹಂತಗಳಲ್ಲಿ ಹೆಚ್ಚಿನವು ಈ ಪ್ರಶ್ನೆಗೆ ಸರ್ವರ್‌ಗೊಂದು ಉತ್ತರ ಕೊಡಲು ಹುಟ್ಟಿಕೊಂಡಿರಬೇಕು. ಏಜೆಂಟ್ ಎಂದರೆ ಮೂರು ಬೇರೆ ಬೇರೆ ವಸ್ತುಗಳು ಎಂದು ಮನಸ್ಸಿನಲ್ಲಿ ಬಿಡಿಸಿ ಇಟ್ಟುಕೊಳ್ಳಿ. ಡಿಸ್ಕ್ ಮೇಲಿರುವ ಜಾರ್ ಫೈಲು ಒಂದು. ಅದನ್ನು ಎತ್ತಿಕೋ ಎಂದು ಜೆವಿಎಂಗೆ ಹೇಳುವ ಸಾಲು ಇನ್ನೊಂದು. ಹೆಸರೇನು, ಮಾಹಿತಿಯನ್ನು ಎಲ್ಲಿಗೆ ಕಳಿಸಬೇಕು ಎಂಬ ವಿವರ ಮತ್ತೊಂದು. ಇವು ಒಂದೇ ಫೈಲಿನ ಒಂದೇ ಉದ್ದ ಸಾಲಿನಲ್ಲಿ ಕಲಸಿಹೋದಾಗ ಆವೃತ್ತಿ ಬದಲಿಸಲು ಹೋದವರು ಹೆಸರನ್ನು ಕೆಡಿಸುತ್ತಾರೆ, ವಿಳಾಸ ತಿದ್ದಲು ಹೋದವರು ಮೆಮೊರಿ ಮಿತಿಯನ್ನು ಅಳಿಸುತ್ತಾರೆ.

ಸಾಲಿನ ವಿಷಯವೇ ಹೆಚ್ಚು ಕಾಡುವುದು, ಅದನ್ನೇ ನಿಧಾನವಾಗಿ ನೋಡೋಣ.

ಟಾಮ್‌ಕ್ಯಾಟ್‌ನಲ್ಲಿ ಕೈ ಹಾಕಬಾರದ ಫೈಲು ‘ಕ್ಯಾಟಲೀನಾ’ ಶೆಲ್ ಸ್ಕ್ರಿಪ್ಟ್. ಅದನ್ನು ತಿದ್ದಿದರೆ ಮುಂದಿನ ಟಾಮ್‌ಕ್ಯಾಟ್ ಅಪ್‌ಗ್ರೇಡ್ ನಿಮ್ಮ ತಿದ್ದುಪಡಿಯನ್ನು ಸದ್ದಿಲ್ಲದೆ ಒರೆಸಿಹಾಕುತ್ತದೆ. ಅದಕ್ಕೆಂದೇ ಬಿನ್ ಡೈರೆಕ್ಟರಿಯಲ್ಲಿ ‘ಸೆಟ್‌ಎನ್ವ್’ ಎಂಬ ಸ್ಕ್ರಿಪ್ಟಿಗೆ ಜಾಗ ಬಿಟ್ಟಿದ್ದಾರೆ. ಅದು ಟಾಮ್‌ಕ್ಯಾಟ್ ಜೊತೆ ಬರುವುದಿಲ್ಲ, ನಾವೇ ಸೃಷ್ಟಿಸಬೇಕು. ಒಂದೇ ಟಾಮ್‌ಕ್ಯಾಟ್‌ನಿಂದ ಹಲವು ಇನ್‌ಸ್ಟೆನ್ಸ್ ಓಡಿಸುತ್ತಿದ್ದರೆ ಅದನ್ನು ಎಲ್ಲಕ್ಕೂ ಸಾಮಾನ್ಯವಾದ ಡೈರೆಕ್ಟರಿಯಾದ ಕ್ಯಾಟಲೀನಾ ಹೋಮ್‌ನಲ್ಲಿ ಇಡದೆ, ಆಯಾ ಇನ್‌ಸ್ಟೆನ್ಸಿನ ಸ್ವಂತ ಡೈರೆಕ್ಟರಿಯಾದ ಕ್ಯಾಟಲೀನಾ ಬೇಸ್‌ನ ಬಿನ್‌ನಲ್ಲಿ ಇಡಿ. ಟಾಮ್‌ಕ್ಯಾಟ್ ಮೊದಲು ಹುಡುಕುವುದು ಅಲ್ಲೇ.

ಇನ್ನು ಆ ಸ್ಕ್ರಿಪ್ಟಿನ ಒಳಗೆ ಯಾವ ವೇರಿಯಬಲ್‌ನಲ್ಲಿ ಬರೆಯಬೇಕು ಎಂಬುದು ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ನನಗೆ ಅದರ ಉತ್ತರ ಮರೆಯಲಾಗದಂತೆ ತಿಳಿದದ್ದು ಒಂದು ರಾತ್ರಿ. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ಪ್ರೊಮೀಥಿಯಸ್ ಎಂಬ ನಿಗಾ ವ್ಯವಸ್ಥೆಗೆ ಜೆವಿಎಂನ ಅಂಕಿಅಂಶ ಒದಗಿಸುವ ಜೆಎಂಎಕ್ಸ್ ಎಕ್ಸ್‌ಪೋರ್ಟರ್ ಹಾಕಿದ್ದೆವು. ಅದೂ ಒಂದು ಜಾವಾ ಏಜೆಂಟೇ. ತಾನಾಗಿ ಒಂದು ಪೋರ್ಟ್ ತೆರೆದು ಕೂರುತ್ತದೆ, ನಾವು 9404 ಕೊಟ್ಟಿದ್ದೆವು. ಸಾಲನ್ನು ಬರೆದದ್ದು ‘ಜಾವಾ ಆಪ್ಟ್ಸ್’ ವೇರಿಯಬಲ್‌ನಲ್ಲಿ. ಎರಡು ವಾರ ಎಲ್ಲವೂ ಸರಿಯಿತ್ತು. ಮೂರನೆಯ ವಾರ ರಾತ್ರಿ ಹನ್ನೊಂದರ ಬಿಡುಗಡೆಗೆ ಟಾಮ್‌ಕ್ಯಾಟ್ ನಿಲ್ಲಿಸಲು ಹೋದರೆ ನಿಲ್ಲಲೇ ಇಲ್ಲ. ತೆರೆಯ ಮೇಲೆ ‘ವಿಳಾಸ ಈಗಾಗಲೇ ಬಳಕೆಯಲ್ಲಿದೆ’ ಎಂಬ ದೋಷ, ಅದರ ಕೆಳಗೆ ಏಜೆಂಟ್ ಸಂಸ್ಕರಣೆ ವಿಫಲವಾಯಿತೆಂಬ ಸಾಲು. ನಾವು ಐದು ಜನ ನೆಟ್‌ವರ್ಕ್ ಕಡೆ ಹುಡುಕುತ್ತಾ ಒಂದು ಗಂಟೆ ಕಳೆದೆವು. ಕಾರಣ ಇದ್ದದ್ದು ಕಣ್ಣೆದುರಿನ ಸ್ಕ್ರಿಪ್ಟಿನಲ್ಲೇ. ಟಾಮ್‌ಕ್ಯಾಟನ್ನು ನಿಲ್ಲಿಸುವ ಆಜ್ಞೆ ಕೂಡ ಒಂದು ಪುಟ್ಟ ಜೆವಿಎಂ. ‘ಜಾವಾ ಆಪ್ಟ್ಸ್’ನಲ್ಲಿ ಇರುವುದು ಅದಕ್ಕೂ ಅನ್ವಯಿಸುತ್ತದೆ. ಆ ಪುಟ್ಟ ಜೆವಿಎಂ ಏಜೆಂಟನ್ನು ಎತ್ತಿಕೊಂಡು, ಅದೇ 9404 ಪೋರ್ಟ್ ತೆರೆಯಲು ಹೋಗಿ, ನಿಲ್ಲಿಸುವ ಸಂದೇಶ ಕಳಿಸುವ ಮೊದಲೇ ಸತ್ತುಹೋಗುತ್ತಿತ್ತು. ‘ಕ್ಯಾಟಲೀನಾ ಆಪ್ಟ್ಸ್’ ಎಂಬುದು ಸರ್ವರ್ ಓಡಿಸುವಾಗ ಮಾತ್ರ ಬಳಕೆಯಾಗುತ್ತದೆ, ನಿಲ್ಲಿಸುವಾಗ ಅಲ್ಲ. ಟಾಮ್‌ಕ್ಯಾಟ್‌ನಲ್ಲಿ ಏಜೆಂಟಿನ ಸಾಲಿಗೆ ಜಾಗ ಅದು. ಸ್ಕ್ರಿಪ್ಟಿನ ತಲೆಯ ಕಮೆಂಟಿನಲ್ಲಿ ಇದನ್ನು ಬಿಡಿಸಿ ಬರೆದೇ ಇದ್ದಾರೆ, ನಾವು ಓದಿರಲಿಲ್ಲ.

ಲಿನಕ್ಸ್‌ನಲ್ಲಿ ನಿಮ್ಮ ಟಾಮ್‌ಕ್ಯಾಟ್ ಸಿಸ್ಟಮ್‌ಡಿ (ಸೇವೆಗಳನ್ನು ಏಳಿಸಿ ನಿಲ್ಲಿಸುವ ವ್ಯವಸ್ಥೆ) ಸೇವೆಯಾಗಿ ಓಡುತ್ತಿದ್ದರೆ ‘ಸೆಟ್‌ಎನ್ವ್’ಗಿಂತಲೂ ಒಳ್ಳೆಯ ಜಾಗವಿದೆ. ಸೇವೆಯನ್ನು ವಿವರಿಸುವ ಮೂಲ ಯುನಿಟ್ ಫೈಲನ್ನು ಮುಟ್ಟದೆ, ಅದರ ಹೆಸರಿನ ಕೊನೆಗೆ ‘ಡಾಟ್ ಡಿ’ ಸೇರಿಸಿದ ಡೈರೆಕ್ಟರಿಯಲ್ಲಿ ಒಂದು ಪುಟ್ಟ ಡ್ರಾಪ್‌ಇನ್ ಫೈಲು ಇಡುವ ಪದ್ಧತಿ. ಅದರಲ್ಲಿ ಸೇವೆಯ ವಿಭಾಗದ ಕೆಳಗೆ ಎನ್ವಿರಾನ್‌ಮೆಂಟ್ ಫೈಲನ್ನು ತೋರಿಸುವ ಒಂದೇ ಸಾಲು ಇದ್ದರೆ ಸಾಕು. ಕ್ಯಾಟಲೀನಾ ಆಪ್ಟ್ಸ್, ಏಜೆಂಟಿನ ವಿವರಗಳು ಆ ಎನ್ವಿರಾನ್‌ಮೆಂಟ್ ಫೈಲಿನಲ್ಲಿರುತ್ತವೆ. ನನಗೆ ಈ ವಿಧಾನ ಇಷ್ಟವಾಗಲು ಕಾರಣ ನಾನು ಮೊದಲು ಹೇಳಿದ ಅಳತೆಯೇ. ತೆಗೆಯಬೇಕೆಂದರೆ ಡ್ರಾಪ್‌ಇನ್ ಫೈಲು ಅಳಿಸಿ, ಸಿಸ್ಟಮ್‌ಡಿಗೆ ಮತ್ತೆ ಓದಲು ಹೇಳಿ, ಸೇವೆಯನ್ನು ಮರುಪ್ರಾರಂಭಿಸಿದರೆ ಮುಗಿಯಿತು. ‘ಸಿಸ್ಟಮ್‌ಸಿಟಿಎಲ್ ಕ್ಯಾಟ್’ ಆಜ್ಞೆ ಕೊಟ್ಟರೆ ಮೂಲ ಫೈಲೂ ಡ್ರಾಪ್‌ಇನ್ನೂ ಒಟ್ಟಿಗೆ ಕಾಣುತ್ತವೆ; ನಾಳೆ ತಂಡಕ್ಕೆ ಸೇರುವ ಹೊಸಬರಿಗೂ ಒಂದೇ ನೋಟಕ್ಕೆ ತಿಳಿಯುತ್ತದೆ.

ಇಲ್ಲಿ ಒಂದು ಹಳ್ಳ ಇದೆ, ನೋಡಿಕೊಂಡು ದಾಟಿ. ಹಳೆಯ ‘ಸೆಟ್‌ಎನ್ವ್’ನಲ್ಲಿ ಯಾರೋ ಹೀಪ್ (ಜೆವಿಎಂನ ಮೆಮೊರಿ) ಗಾತ್ರಕ್ಕೆಂದು ಕ್ಯಾಟಲೀನಾ ಆಪ್ಟ್ಸ್‌ಗೆ ನೇರವಾಗಿ ಮೌಲ್ಯ ಕೊಟ್ಟಿದ್ದರೆ, ಹೊರಗಿನಿಂದ ಬಂದ ನಿಮ್ಮ ಸಾಲು ಅಲ್ಲಿ ಅಳಿಸಿಹೋಗುತ್ತದೆ. ದೋಷ ಬರುವುದಿಲ್ಲ, ಲಾಗ್‌ನಲ್ಲಿ ಏನೂ ಇರುವುದಿಲ್ಲ, ಏಜೆಂಟ್ ಮಾತ್ರ ಇರುವುದಿಲ್ಲ. ಇದ್ದ ಮೌಲ್ಯವನ್ನು ಉಳಿಸಿಕೊಂಡು ಅದರ ಮುಂದೆ ಸೇರಿಸುವಂತೆ ಆ ಸಾಲನ್ನು ತಿದ್ದಿಸಿ.

ವಿಂಡೋಸ್ ಮೇಲಿನ ನಾಲ್ಕು ಟಾಮ್‌ಕ್ಯಾಟ್‌ಗಳಲ್ಲಿ ನಿಮ್ಮವರು ‘ಸೆಟ್‌ಎನ್ವ್’ ಬ್ಯಾಚ್ ಫೈಲು ಬರೆದು ಕಾಯುತ್ತಾ ಕೂತಿರಬಹುದು. ಟಾಮ್‌ಕ್ಯಾಟ್ ವಿಂಡೋಸ್ ಸೇವೆಯಾಗಿ ಓಡುವಾಗ ಆ ಫೈಲನ್ನು ಓದುವುದೇ ಇಲ್ಲ. ಸೇವೆಯ ಜಾವಾ ಆಯ್ಕೆಗಳು ರಿಜಿಸ್ಟ್ರಿಯಲ್ಲಿರುತ್ತವೆ; ಟಾಮ್‌ಕ್ಯಾಟ್ ಜೊತೆಗೆ ಬರುವ, ಹೆಸರಿನ ಕೊನೆಯಲ್ಲಿ ‘ಡಬ್ಲ್ಯೂ’ ಇರುವ ಸಾಧನ ತೆರೆದು ಜಾವಾ ಟ್ಯಾಬ್‌ನಲ್ಲಿ ಸೇರಿಸಬೇಕು, ಅಥವಾ ಅದೇ ಕೆಲಸವನ್ನು ಸೇವೆಯ ಆಜ್ಞೆಯಿಂದ ಮಾಡಬೇಕು. ಅಲ್ಲಿ ಒಂದು ಆಯ್ಕೆಗೆ ಒಂದು ಸಾಲು. ಎರಡು ಆಯ್ಕೆಗಳನ್ನು ಒಂದೇ ಸಾಲಿನಲ್ಲಿ ಖಾಲಿ ಜಾಗ ಬಿಟ್ಟು ಬರೆದರೆ ಅವೆರಡೂ ಸೇರಿ ಒಂದೇ ಆಯ್ಕೆ ಎಂದಾಗಿ ಸೇವೆ ಮೇಲೇಳುವುದಿಲ್ಲ.

ವೈಲ್ಡ್‌ಫ್ಲೈ ಸ್ಟ್ಯಾಂಡ್‌ಅಲೋನ್ ಆಗಿ ಓಡುತ್ತಿದ್ದರೆ ‘ಸ್ಟ್ಯಾಂಡ್‌ಅಲೋನ್ ಡಾಟ್ ಕಾನ್ಫ್’ ಎಂಬ ಫೈಲು. ಡೊಮೇನ್ ವಿಧಾನದಲ್ಲಿದ್ದರೆ ಆ ಫೈಲಿಗೂ ನಿಮಗೂ ಸಂಬಂಧವಿಲ್ಲ. ಜೆವಿಎಂ ಆಯ್ಕೆಗಳು ಡೊಮೇನ್ ಅಥವಾ ಹೋಸ್ಟ್ ಎಕ್ಸ್‌ಎಂಎಲ್‌ನಲ್ಲಿರುತ್ತವೆ. ವೆಬ್‌ಲಾಜಿಕ್‌ನ ಈಚಿನ ಆವೃತ್ತಿಗಳಲ್ಲಿ ಡೊಮೇನಿನ ಬಿನ್‌ನಲ್ಲಿ ‘ಸೆಟ್ ಯೂಸರ್ ಓವರ್‌ರೈಡ್ಸ್’ ಎಂಬ ಸ್ಕ್ರಿಪ್ಟ್ ಬರೆಯಬಹುದು, ಡೊಮೇನ್ ಮರುಸಂರಚನೆಯಾದರೂ ಅದು ಅಳಿಯುವುದಿಲ್ಲ. ನೋಡ್ ಮ್ಯಾನೇಜರ್ ಸರ್ವರ್‌ಗಳನ್ನು ಏಳಿಸುತ್ತಿದ್ದರೆ ಕನ್ಸೋಲಿನ ಸರ್ವರ್ ಸ್ಟಾರ್ಟ್ ಪುಟದಲ್ಲಿ ಈಗಾಗಲೇ ಏನು ಬರೆದಿದ್ದಾರೆ ಎಂದೂ ನೋಡಿ. ಎರಡೇ ವೆಬ್‌ಲಾಜಿಕ್ ಇರುವುದರಿಂದ ಅವನ್ನು ಕೈಯಿಂದಲೇ ಮಾಡಿ ಮುಗಿಸಿ. ಎರಡು ಸರ್ವರ್‌ಗಾಗಿ ಸ್ಕ್ರಿಪ್ಟಿಗೆ ಮೂವತ್ತು ಷರತ್ತುಗಳನ್ನು ಸೇರಿಸುವುದು ಉಳಿದ ನಲವತ್ತಕ್ಕೆ ಮಾಡುವ ಅನ್ಯಾಯ.

‘ಇಷ್ಟೆಲ್ಲ ಯಾಕೆ? ಜಾವಾ ಟೂಲ್ ಆಪ್ಷನ್ಸ್ ಎಂಬ ಒಂದೇ ವೇರಿಯಬಲ್ ಇಡೀ ಯಂತ್ರಕ್ಕೆ ಇಟ್ಟುಬಿಟ್ಟರೆ ಆಗದೇ?’ ಎಂದು ತಂಡದಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗುತ್ತದೆ, ಅದೇ ತೊಂದರೆ. ಆ ವೇರಿಯಬಲ್ ಅನ್ನು ಪ್ರತಿ ಜೆವಿಎಂ ಓದುತ್ತದೆ: ಪ್ರಮಾಣಪತ್ರ ನೋಡಲು ಓಡಿಸಿದ ಕೀಟೂಲ್, ರಾತ್ರಿ ಓಡುವ ಬ್ಯಾಚ್ ಕೆಲಸ, ಮೇಲೆ ಹೇಳಿದ ನಿಲ್ಲಿಸುವ ಆಜ್ಞೆ, ಎಲ್ಲವೂ. ಪ್ರತಿ ಸಲವೂ ‘ಎತ್ತಿಕೊಂಡಿದ್ದೇನೆ’ ಎಂಬ ಒಂದು ಸಾಲನ್ನು ದೋಷದ ಹರಿವಿಗೆ ಮುದ್ರಿಸುತ್ತದೆ. ಜಾವಾ ಆವೃತ್ತಿಯನ್ನು ಓದುವ ಹಳೆಯ ಸ್ಕ್ರಿಪ್ಟುಗಳು ಆ ಸಾಲಿಗೆ ಎಡವಿ ಬೀಳುವುದನ್ನು ಕಂಡಿದ್ದೇನೆ. ಅದನ್ನು ಬಳಸಲೇಬೇಕಾದರೆ ಇಡೀ ಯಂತ್ರಕ್ಕೆ ಇಡದೆ ಒಂದು ಸೇವೆಯ ಯುನಿಟ್‌ಗೆ, ಅಥವಾ ಒಂದು ಕಂಟೇನರ್‌ಗೆ ಸೀಮಿತಗೊಳಿಸಿ. ಕಂಟೇನರ್‌ಗಳನ್ನು ನಿರ್ವಹಿಸುವ ಕುಬರ್ನೆಟಿಸ್‌ನಲ್ಲಿ ಓಪನ್‌ಟೆಲಿಮೆಟ್ರಿ ಆಪರೇಟರ್ ಮಾಡುವುದೂ ಇದನ್ನೇ: ಪಾಡ್‌ಗೆ (ಕಂಟೇನರ್‌ಗಳ ಗುಂಪು) ಒಂದು ಟಿಪ್ಪಣಿ ಹಚ್ಚಿದರೆ ಸಾಕು, ಅದು ಇನಿಟ್ ಕಂಟೇನರ್ ಮೂಲಕ ಜಾರ್ ತಂದಿಟ್ಟು ಈ ವೇರಿಯಬಲ್ ಸೇರಿಸುತ್ತದೆ. ಅಲ್ಲಿ ಗಡಿ ಸ್ಪಷ್ಟವಾಗಿರುವುದರಿಂದ ಅದು ಒಪ್ಪುವ ಮಾತು.

ಜಾರ್ ಫೈಲಿನ ವಿಷಯ ಚಿಕ್ಕದು, ಆದರೆ ಮೂರು ಮಾತು ಹೇಳಬೇಕು. ಅದನ್ನು ಅಪ್ಲಿಕೇಶನ್ನಿನ ಲಿಬ್ ಡೈರೆಕ್ಟರಿಗೆ ಹಾಕಬೇಡಿ. ಆಪ್ಟ್ ಅಡಿಯಲ್ಲಿ ಒಂದು ಸ್ವಂತ ಜಾಗ ಕೊಡಿ, ಎಲ್ಲಾ ಸರ್ವರ್‌ಗಳಲ್ಲೂ ಅದೇ ವಿಳಾಸ. ಆವೃತ್ತಿಯ ಸಂಖ್ಯೆಯಿರುವ ಹೆಸರಿನಲ್ಲಿ ಫೈಲು ಇಟ್ಟು, ‘ಕರೆಂಟ್’ ಎಂಬ ಸಿಮ್‌ಲಿಂಕ್ (ಇನ್ನೊಂದು ಫೈಲಿನತ್ತ ಕೈತೋರುವ ಹೆಸರು) ಅದನ್ನು ತೋರಿಸಲಿ. ಜೆವಿಎಂನ ಸಾಲಿನಲ್ಲಿ ಇರುವುದು ಸಿಮ್‌ಲಿಂಕ್ ಮಾತ್ರ. ಆಗ ಆವೃತ್ತಿ ಬದಲಾದರೂ ಸಾಲು ಬದಲಾಗುವುದಿಲ್ಲ, ಹಿಂದಕ್ಕೆ ಹೋಗಬೇಕೆಂದರೆ ಸಿಮ್‌ಲಿಂಕ್ ತಿರುಗಿಸಿ ಮರುಪ್ರಾರಂಭಿಸಿದರಾಯಿತು. ಓಡುತ್ತಿರುವ ಜೆವಿಎಂ ಬಳಸುತ್ತಿರುವ ಜಾರ್‌ನ ಮೇಲೆಯೇ ಹೊಸದನ್ನು ನಕಲು ಮಾಡುವುದನ್ನು ನಿಷೇಧಿಸಿ. ಜಾವಾ 8ರಲ್ಲಿ ಹಾಗೆ ಮಾಡಿದರೆ ಇಡೀ ಜೆವಿಎಂ ಕುಸಿದುಬೀಳಬಹುದು. ಹೊಸ ಆವೃತ್ತಿಗಳಲ್ಲೂ ಅರ್ಧ ಹಳೆಯದು ಅರ್ಧ ಹೊಸದು ಓದಿ ಅರ್ಥವಾಗದ ದೋಷಗಳು ಬರುತ್ತವೆ. ಇನ್ನು, ರೆಡ್‌ಹ್ಯಾಟ್ ಕುಟುಂಬದ ಲಿನಕ್ಸ್‌ನಲ್ಲಿ ನಿಮ್ಮ ಹೋಮ್‌ಗೆ ಇಳಿಸಿಕೊಂಡ ಫೈಲನ್ನು ‘ಎಂವಿ’ ಆಜ್ಞೆಯಿಂದ ಸರಿಸಿದರೆ ಎಸ್‌ಇಲಿನಕ್ಸ್ ಎಂಬ ಭದ್ರತಾ ಪದರ ಹಚ್ಚಿದ ಹಳೆಯ ಗುರುತು ಜೊತೆಗೇ ಬರುತ್ತದೆ. ಅನುಮತಿಗಳೆಲ್ಲ ಸರಿ ಇದ್ದರೂ ಟಾಮ್‌ಕ್ಯಾಟ್‌ಗೆ ಓದಲು ಆಗದೇ ಹೋಗಬಹುದು. ಆ ಗುರುತನ್ನು ಸರಿಪಡಿಸುವ ‘ರೆಸ್ಟೋರ್‌ಕಾನ್’ ಆಜ್ಞೆಯ ಒಂದು ಸಾಲು ಕೈಪಿಡಿಯಲ್ಲಿರಲಿ.

ಪ್ರತಿ ಸರ್ವರ್ ಇಂಟರ್‌ನೆಟ್‌ನಿಂದ ನೇರವಾಗಿ ಇಳಿಸಿಕೊಳ್ಳುವುದು, ಅದರಲ್ಲೂ ‘ಇತ್ತೀಚಿನ ಆವೃತ್ತಿ’ ಎಂಬ ವಿಳಾಸದಿಂದ ಇಳಿಸಿಕೊಳ್ಳುವುದು ಬೇಡವೇ ಬೇಡ. ಬೆಳಿಗ್ಗೆ ಮಾಡಿದ ಸರ್ವರ್‌ಗೆ ಒಂದು ಆವೃತ್ತಿ, ಮಧ್ಯಾಹ್ನ ಮಾಡಿದ್ದಕ್ಕೆ ಇನ್ನೊಂದು ಬರಬಹುದು. ನಿಮ್ಮ ಒಳಗಿನ ಒಂದು ಭಂಡಾರದಲ್ಲಿ ಒಮ್ಮೆ ತಂದಿಟ್ಟು, ಫೈಲು ಬದಲಾಗಿಲ್ಲ ಎಂದು ತಾಳೆ ನೋಡುವ ಚೆಕ್‌ಸಮ್ ಬರೆದಿಟ್ಟು, ಅಲ್ಲಿಂದ ಹಂಚಿ. ಈ ಜಾರ್ ನಿಮ್ಮ ಅಪ್ಲಿಕೇಶನ್ನಿನ ಬೈಟ್‌ಕೋಡನ್ನೇ ತಿದ್ದುವ ಅಧಿಕಾರ ಪಡೆಯುತ್ತದೆ ಎಂಬುದನ್ನು ಯಾವಾಗಲೂ ನೆನಪಿನಲ್ಲಿಡಿ.

ಈಗ ವಿವರಗಳು. ಎಲ್ಲಕ್ಕಿಂತ ಹೆಚ್ಚು ಹೊರೆ ಇಳಿಸುವ ಸಲಹೆ ಇಲ್ಲಿದೆ: ಏಜೆಂಟ್‌ಗೆ ದೂರದ ಯಾವ ವಿಳಾಸವನ್ನೂ ಕಲಿಸಬೇಡಿ. ಪ್ರತಿ ಯಂತ್ರದಲ್ಲೂ, ಮಾಹಿತಿ ಪಡೆದು ಮುಂದಕ್ಕೆ ಕಳಿಸುವ ಓಪನ್‌ಟೆಲಿಮೆಟ್ರಿ ಕಲೆಕ್ಟರ್ ಅನ್ನು ಒಂದು ಸಣ್ಣ ಸೇವೆಯಾಗಿ ಓಡಿಸಿ, ಏಜೆಂಟ್ ತನ್ನದೇ ಯಂತ್ರದ ಲೋಕಲ್‌ಹೋಸ್ಟ್‌ಗೆ ಮಾಹಿತಿ ಕೊಟ್ಟು ಸುಮ್ಮನಾಗಲಿ. ಕಲೆಕ್ಟರ್ ಆರ್‌ಪಿಎಂ, ಡೆಬ್ ಪ್ಯಾಕೇಜುಗಳಾಗಿ ಸಿಗುತ್ತದೆ. ದೂರದ ಸಂಗ್ರಾಹಕ ಯಾವುದು, ಅದಕ್ಕೆ ಯಾವ ಕೀಲಿ, ಯಾವ ಪ್ರಮಾಣಪತ್ರ, ಜಾಲ ಕೆಟ್ಟರೆ ಎಷ್ಟು ಸಲ ಮರುಯತ್ನ ಎಂಬುದೆಲ್ಲ ಕಲೆಕ್ಟರಿನ ಪಾಲು. ನಾಳೆ ನಿಗಾ ವೇದಿಕೆಯನ್ನೇ ಬದಲಿಸಿದರೂ ಒಂದೂ ಟಾಮ್‌ಕ್ಯಾಟನ್ನು ಮರುಪ್ರಾರಂಭಿಸಬೇಕಿಲ್ಲ. ಕೀಲಿಯ ಗುಟ್ಟೂ ಉಳಿಯುತ್ತದೆ. ಜೆವಿಎಂನ ಸಾಲಿನಲ್ಲಿ ಬರೆದ ಕೀಲಿ ‘ಪಿಎಸ್’ ಆಜ್ಞೆ ಕೊಟ್ಟ ಯಾರಿಗಾದರೂ ಕಾಣುತ್ತದೆ ಎಂಬುದು ಎಷ್ಟೋ ಜನರಿಗೆ ಹೊಳೆಯುವುದಿಲ್ಲ.

ಪೋರ್ಟ್ ವಿಷಯದಲ್ಲಿ ಒಂದು ಎಚ್ಚರ. ಮಾಹಿತಿ ಸಾಗಿಸುವ ಓಟಿಎಲ್‌ಪಿ ಎಂಬ ಕ್ರಮಕ್ಕೆ ಎರಡು ಬಾಗಿಲು: ಜಿಆರ್‌ಪಿಸಿಗೆ 4317, ಎಚ್‌ಟಿಟಿಪಿಗೆ 4318. ಜಾವಾ ಏಜೆಂಟಿನ ಹಳೆಯ ಆವೃತ್ತಿಗಳು ತಾವಾಗಿ ಜಿಆರ್‌ಪಿಸಿ ಬಳಸುತ್ತಿದ್ದವು. 2024ರ ಆರಂಭದಲ್ಲಿ ಬಂದ 2.0 ಆವೃತ್ತಿಯಿಂದ ಎಚ್‌ಟಿಟಿಪಿಗೆ ಬದಲಾಗಿದೆ. ಹಳೆಯ ಲೇಖನ ನೋಡಿ 4317 ಎಂದು ಬರೆದು ಹೊಸ ಏಜೆಂಟ್ ಹಾಕಿದರೆ, ಬಾಗಿಲು ತೆರೆದೇ ಇರುತ್ತದೆ, ಮಾತು ಮಾತ್ರ ಅರ್ಥವಾಗುವುದಿಲ್ಲ. ನಿಮ್ಮ ‘ಎರಡು ಸರ್ವರ್ ಒಂದೇ ರೀತಿ ಆಗುತ್ತಿಲ್ಲ’ ಎಂಬ ದೂರಿನ ಹಿಂದೆ ಇದೂ ಇರಬಹುದು.

ಹೀಗೆ ಎಲ್ಲಾ ಏಜೆಂಟುಗಳೂ ಲೋಕಲ್‌ಹೋಸ್ಟ್‌ಗೇ ಕಳಿಸಿದರೆ ಸರ್ವರ್‌ನಿಂದ ಸರ್ವರ್‌ಗೆ ಬದಲಾಗುವುದು ಒಂದೇ ವಿವರ: ಸೇವೆಯ ಹೆಸರು. ಹೆಸರು ಕೊಡದಿದ್ದರೆ ಏಜೆಂಟ್ ತಾನೇ ಊಹಿಸಲು ನೋಡುತ್ತದೆ, ಆಗದಿದ್ದರೆ ‘ಅನ್‌ನೋನ್ ಸರ್ವಿಸ್’ ಎಂದು ಕಳಿಸುತ್ತದೆ. ಹತ್ತು ಸರ್ವರ್‌ಗಳು ಅದೇ ಹೆಸರಿನಲ್ಲಿ ಬಂದು ಬಿದ್ದರೆ ಯಾವುದು ಯಾರದು ಎಂದು ಬಿಡಿಸಲು ಬರುವುದಿಲ್ಲ. ಹೆಸರನ್ನು ಹಾಕುವವರು ಆ ಹೊತ್ತಿಗೆ ತೋಚಿದಂತೆ ಬರೆಯಬಾರದು. 42 ಸಾಲುಗಳ ಒಂದು ಪಟ್ಟಿ ಮೊದಲೇ ಸಿದ್ಧವಿರಲಿ, ಡೆವಲಪರ್‌ಗಳೇ ಅದನ್ನು ತುಂಬಲಿ. ಪರೀಕ್ಷಾ ಪರಿಸರವೋ ನಿಜವಾದದ್ದೋ ಎಂಬುದನ್ನು ಹೆಸರಿಗೆ ಅಂಟಿಸದೆ ಪ್ರತ್ಯೇಕ ಗುಣವಾಗಿ ಕೊಡಿ.

ಇಷ್ಟು ಬಿಡಿಸಿಟ್ಟ ಮೇಲೆ ನಿಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ. ಸ್ಕ್ರಿಪ್ಟೋ ಸಾಧನವೋ? ನಲವತ್ತೆರಡು ಸರ್ವರ್‌ಗಳಿಗೆ ಆನ್ಸಿಬಲ್ (ಹಲವು ಯಂತ್ರಗಳಲ್ಲಿ ಒಂದೇ ಕೆಲಸವನ್ನು ತಾನಾಗಿ ಮಾಡುವ ಸಾಧನ) ಸಾಕು, ಬೆಲೆ ಕೊಡಬೇಕಿಲ್ಲ. ಲಿನಕ್ಸ್ ಯಂತ್ರಗಳಿಗೆ ಅದು ಎಸ್‌ಎಸ್‌ಎಚ್ ಮೂಲಕವೇ ಹೋಗುತ್ತದೆ. ಅಲ್ಲಿ ಪೈಥಾನ್ ಇದ್ದರೆ ಮತ್ತೇನೂ ಹಾಕಬೇಕಿಲ್ಲ. ಏಜೆಂಟ್ ಹಾಕಲು ಇನ್ನೊಂದು ಏಜೆಂಟ್ ಬೇಡ ಎಂಬುದೇ ಅದರ ಸೊಗಸು. ಶೆಲ್ ಸ್ಕ್ರಿಪ್ಟ್‌ಗೆ ನನ್ನ ವಿರೋಧವಿಲ್ಲ, ಆದರೆ ಅದನ್ನು ಎರಡು ಸಲ ಓಡಿಸಿದರೂ ಫಲ ಒಂದೇ ಇರಬೇಕು. ಫೈಲಿನ ಕೊನೆಗೆ ಸಾಲು ಸೇರಿಸುವ ಸ್ಕ್ರಿಪ್ಟನ್ನು ಎರಡು ಸಲ ಓಡಿಸಿದರೆ ಏಜೆಂಟ್ ಎರಡು ಸಲ ಬರೆಯಲ್ಪಡುತ್ತದೆ, ಒಂದೇ ಜೆವಿಎಂ ಅದನ್ನು ಎರಡು ಸಲ ಎತ್ತಿಕೊಳ್ಳಲು ಹೋಗುತ್ತದೆ. ಸಾಲು ಸೇರಿಸುವುದರ ಬದಲು ಇಡೀ ಫೈಲನ್ನೇ ಬರೆಯುವ ಕ್ರಮ ಇಟ್ಟುಕೊಂಡರೆ ಈ ಭಯವೇ ಇಲ್ಲ. ಡ್ರಾಪ್‌ಇನ್ ಫೈಲನ್ನು ನಾನು ಹೊಗಳಿದ್ದಕ್ಕೆ ಇದೂ ಒಂದು ಕಾರಣ. ಆನ್ಸಿಬಲ್‌ನಲ್ಲಿ ‘ಸೀರಿಯಲ್’ ಎಂಬ ಸೂಚನೆಯನ್ನು 1ಕ್ಕೆ ಇಟ್ಟು, ಒಂದೊಂದೇ ಸರ್ವರನ್ನು ವಿನಂತಿಗಳನ್ನು ಹಂಚುವ ಲೋಡ್ ಬ್ಯಾಲೆನ್ಸರ್‌ನಿಂದ ಹೊರತೆಗೆದು, ಮುಗಿಸಿ, ಒಳಗೆ ಸೇರಿಸಿ ಮುಂದಕ್ಕೆ ಹೋಗಿ.

ಡೈನಾಟ್ರೇಸ್‌ನ ಒನ್‌ಏಜೆಂಟ್‌ನಂತಹ ಉತ್ಪನ್ನಗಳು ಒಂದೇ ಸಲ ಹಾಕಿದರೆ ಯಂತ್ರದ ಎಲ್ಲಾ ಪ್ರಕ್ರಿಯೆಗಳ ಒಳಗೂ ತಾವೇ ಹೋಗಿ ಕೂರುತ್ತವೆ. ಪ್ರಕ್ರಿಯೆ ಶುರುವಾಗುವಾಗಲೇ ತುಣುಕನ್ನು ಸೇರಿಸುವ ಲಿನಕ್ಸಿನ ಪ್ರಿಲೋಡ್ ಸೌಲಭ್ಯವನ್ನು ಬಳಸುವುದರಿಂದ ಸಾಲು ಎಲ್ಲಿ ಬರೆಯಬೇಕೆಂಬ ಪ್ರಶ್ನೆಯೇ ಏಳುವುದಿಲ್ಲ. ಸಾವಿರಾರು ಯಂತ್ರಗಳಿರುವವರಿಗೆ ಅದು ನಿಜಕ್ಕೂ ವರ. ನಿಮಗೆ ಬೇಡ ಎನ್ನುವುದಕ್ಕೆ ಕಾರಣ ಬೆಲೆ ಮಾತ್ರವಲ್ಲ. ರೂಟ್ ಅಧಿಕಾರದಲ್ಲಿ, ಎಲ್ಲಾ ಪ್ರಕ್ರಿಯೆಗಳಲ್ಲಿ ಏನು ಸೇರಿದೆ ಎಂದು ತಿಳಿದುಕೊಳ್ಳುವ ಹೊಣೆ ನಿಮ್ಮ ಸಣ್ಣ ತಂಡದ ಹೆಗಲ ಮೇಲೆ ಬೀಳುತ್ತದೆ.

‘ಅಳವಡಿಸಲಾಗಿದೆ’ ಎಂದು ಯಾವಾಗ ಬರೆಯಬಹುದು? ಜಾರ್ ನಕಲಾದಾಗ ಅಲ್ಲ. ನಿಮ್ಮ ಪ್ಲೇಬುಕ್‌ನ (ಆನ್ಸಿಬಲ್‌ಗೆ ಬರೆದ ಹೆಜ್ಜೆಗಳ ಪಟ್ಟಿ) ಕೊನೆಯ ಹೆಜ್ಜೆಗಳು ತಾವೇ ಪರೀಕ್ಷೆ ಮಾಡಬೇಕು. ಟಾಮ್‌ಕ್ಯಾಟ್ ಓಡುವ ಬಳಕೆದಾರನ ಹೆಸರಿನಲ್ಲೇ ಜಾವಾ ಜೊತೆಗೆ ಬರುವ ‘ಜೆಸಿಎಂಡಿ’ ಸಾಧನ ಓಡಿಸಿ ಜೆವಿಎಂನ ಆಜ್ಞಾಸಾಲು ಕೇಳಿ. ಅದರಲ್ಲಿ ಜಾವಾಏಜೆಂಟ್ ಒಂದೇ ಒಂದು ಸಲ ಕಾಣಬೇಕು. ಏಜೆಂಟ್ ಎದ್ದಾಗ ತನ್ನ ಆವೃತ್ತಿಯನ್ನು ಲಾಗ್‌ಗೆ ಒಂದು ಸಾಲಾಗಿ ಬರೆಯುತ್ತದೆ, ಆ ಸಾಲು ಹುಡುಕಿ. ಆಮೇಲೆ ಅಪ್ಲಿಕೇಶನ್ನಿನ ಒಂದು ಪುಟವನ್ನು ಕರೆದು, ಅದರ ಜಾಡು (ಒಂದು ವಿನಂತಿ ಎಲ್ಲೆಲ್ಲಿ ಎಷ್ಟು ಹೊತ್ತು ಹೋಯಿತೆಂಬ ದಾಖಲೆ) ನಿಗಾ ವೇದಿಕೆಯಲ್ಲಿ ಸರಿಯಾದ ಹೆಸರಿನಲ್ಲಿ ಬಂತೇ ನೋಡಿ. ಯಂತ್ರಗಳ ಗಡಿಯಾರವನ್ನೂ ಈ ಪರೀಕ್ಷೆಗೆ ಸೇರಿಸಿ. ಎರಡು ಸರ್ವರ್‌ಗಳ ಸಮಯ ಅರ್ಧ ಸೆಕೆಂಡ್ ಆಚೀಚೆಯಾದರೂ, ಕರೆದವನಿಗಿಂತ ಮೊದಲೇ ಕರೆಸಿಕೊಂಡವನು ಕೆಲಸ ಶುರು ಮಾಡಿದಂತೆ ಜಾಡು ಕಾಣುತ್ತದೆ. ಭಾರತದಲ್ಲಿ ಸೈಬರ್ ಭದ್ರತೆಯ ಸರ್ಕಾರಿ ಸಂಸ್ಥೆ ಸರ್ಟ್‌ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಗಡಿಯಾರಗಳನ್ನು ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಅಥವಾ ಎನ್‌ಪಿಎಲ್‌ನ (ರಾಷ್ಟ್ರೀಯ ಭೌತ ಪ್ರಯೋಗಾಲಯ) ಸಮಯ ತಿಳಿಸುವ ಎನ್‌ಟಿಪಿ ಸರ್ವರ್‌ಗಳಿಗೆ, ಇಲ್ಲವೇ ಅವಕ್ಕೆ ಹೊಂದಿಕೆಯಾದ ಸರ್ವರ್‌ಗಳಿಗೆ ಜೋಡಿಸಬೇಕೆಂದು ಹೇಳುತ್ತದೆ. ಹೇಗೂ ಮಾಡಬೇಕಾದ ಕೆಲಸ, ಇದರ ಜೊತೆಗೇ ಮುಗಿಯಲಿ.

ಡೆವಲಪರ್‌ಗಳ ಅಳುಕನ್ನು ತಳ್ಳಿಹಾಕಬೇಡಿ, ಅವರು ಹೇಳುವುದರಲ್ಲಿ ಹುರುಳಿದೆ. ಏಜೆಂಟ್ ಹಾಕಿದ ಅಪ್ಲಿಕೇಶನ್ ಏಳುವಾಗ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಏಕೆಂದರೆ ಕ್ಲಾಸುಗಳನ್ನು ತಿದ್ದುವ ಕೆಲಸ ಹೆಚ್ಚಾಗಿ ಆಗಲೇ ನಡೆಯುವುದು. ಸ್ವಲ್ಪ ಹೆಚ್ಚು ಮೆಮೊರಿಯೂ ಬೇಕು. ಎದ್ದ ಮೇಲಿನ ಹೊರೆ ಎಷ್ಟು ಎಂಬುದು ನಿಮ್ಮ ಅಪ್ಲಿಕೇಶನ್ ಏನು ಮಾಡುತ್ತದೆ ಎಂಬುದರ ಮೇಲಿದೆ. ಒಂದು ವಿನಂತಿಗೆ ಮುನ್ನೂರು ಸಲ ಡೇಟಾಬೇಸ್ ಕರೆಯುವ ಪುಟದಲ್ಲಿ ಅದು ಕಾಣುತ್ತದೆ, ಎರಡು ಸಲ ಕರೆಯುವಲ್ಲಿ ಕಾಣುವುದಿಲ್ಲ. ಇನ್ನೊಬ್ಬರ ಶೇಕಡಾವಾರು ಲೆಕ್ಕ ತೋರಿಸಿ ವಾದ ಮಾಡುವ ಬದಲು, ಅವರದೇ ಲೋಡ್ ಟೆಸ್ಟನ್ನು ಏಜೆಂಟ್ ಇಲ್ಲದೆ ಒಮ್ಮೆ, ಇಟ್ಟುಕೊಂಡು ಒಮ್ಮೆ ಅವರ ಕೈಯಲ್ಲೇ ಓಡಿಸಿ. ಹೊರೆ ಹೆಚ್ಚೆನಿಸಿದರೆ ತಗ್ಗಿಸುವ ದಾರಿಗಳಿವೆ. ಎಲ್ಲಾ ಅಳತೆಗಳನ್ನೂ ಡೀಫಾಲ್ಟ್ ಆಗಿ ಆಫ್ ಮಾಡಿ, ಸರ್ವ್‌ಲೆಟ್ (ವೆಬ್ ವಿನಂತಿಗಳು) ಮತ್ತು ಜೆಡಿಬಿಸಿ (ಡೇಟಾಬೇಸ್ ಕರೆಗಳು) ಮಾತ್ರ ಆನ್ ಮಾಡಬಹುದು. ಹತ್ತರಲ್ಲಿ ಒಂದು ವಿನಂತಿಯ ಜಾಡು ಮಾತ್ರ ಹಿಡಿಯುವಂತೆ ಹೇಳಬಹುದು; ಏನೂ ಹೇಳದಿದ್ದರೆ ಏಜೆಂಟ್ ಎಲ್ಲವನ್ನೂ ಹಿಡಿಯುತ್ತದೆ.

ಅವರ ಜೊತೆ ಕೂತಾಗ ಇನ್ನೊಂದು ವಿಷಯ ಎತ್ತಿ, ಅದನ್ನು ಅವರಷ್ಟು ಚೆನ್ನಾಗಿ ನೀವು ಹೇಳಲಾರಿರಿ. ಯುಆರ್‌ಎಲ್‌ನ ಪ್ರಶ್ನೆಚಿಹ್ನೆಯ ನಂತರ ಏನೇನು ಹೋಗುತ್ತದೆ? ಅಲ್ಲಿ ಗ್ರಾಹಕರ ಮೊಬೈಲ್ ಸಂಖ್ಯೆಯೋ ಆಧಾರ್ ಸಂಖ್ಯೆಯೋ ಇದ್ದರೆ ಜಾಡಿನ ಜೊತೆ ಅದೂ ನಿಗಾ ವೇದಿಕೆಗೆ ಸೇರುತ್ತದೆ. ಎಸ್‌ಕ್ಯೂಎಲ್ ಒಳಗಿನ ಮೌಲ್ಯಗಳನ್ನು ಏಜೆಂಟ್ ತಾನಾಗಿ ಮರೆಮಾಚುತ್ತದೆ, ಯುಆರ್‌ಎಲ್ ವಿಷಯದಲ್ಲಿ ಅದನ್ನು ನಂಬಬೇಡಿ. ಕಲೆಕ್ಟರ್‌ನಲ್ಲೇ ಅದನ್ನು ಅಳಿಸುವ ನಿಯಮ ಮೊದಲ ದಿನದಿಂದ ಇರಲಿ. ಗ್ರಾಹಕರ ಮಾಹಿತಿ ಒಮ್ಮೆ ಬೇರೆ ಕಡೆ ಸೇರಿತೆಂದರೆ ಹುಡುಕಿ ತೆಗೆಯುವುದು ಕಷ್ಟ.

ಅವರ ಕೈಗೆ ಒಂದು ಸ್ವಿಚ್ಚನ್ನೂ ಕೊಡಿ. ‘ಓಟೆಲ್ ಜಾವಾಏಜೆಂಟ್ ಎನೇಬಲ್ಡ್’ ಎಂಬ ವೇರಿಯಬಲ್ ‘ಫಾಲ್ಸ್’ ಆಗಿದ್ದರೆ ಏಜೆಂಟ್ ಇದ್ದೂ ಇಲ್ಲದಂತೆ ಇರುತ್ತದೆ. ಎನ್ವಿರಾನ್‌ಮೆಂಟ್ ಫೈಲಿನಲ್ಲಿ ಆ ಒಂದು ಪದ ಬದಲಿಸಿ ಮರುಪ್ರಾರಂಭಿಸಲು ನಿಮ್ಮ ಅನುಮತಿ ಕೇಳಬೇಕಿಲ್ಲ ಎಂದು ಲಿಖಿತವಾಗಿ ಹೇಳಿ. ನಾನು ಕಂಡಂತೆ, ಆಫ್ ಮಾಡುವ ಅಧಿಕಾರ ಸಿಕ್ಕ ತಂಡಗಳೇ ಏಜೆಂಟನ್ನು ಬೇಗ ಒಪ್ಪಿಕೊಂಡಿವೆ.

ಸೋಮವಾರ ಮಾಡಬೇಕಾದ ಕೆಲಸ ಇಷ್ಟು. 42 ಸರ್ವರ್‌ಗಳಲ್ಲಿ ಓಡುತ್ತಿರುವ ಪ್ರತಿ ಜೆವಿಎಂನ ಆವೃತ್ತಿ, ಅದರ ಆಜ್ಞಾಸಾಲು, ಅದನ್ನು ಏಳಿಸುವುದು ಯಾರು ಎಂಬ ಮೂರು ಸಂಗತಿಗಳನ್ನು ಒಂದು ಹಾಳೆಗೆ ಇಳಿಸಿ. ಜಾವಾ 7 ಅಥವಾ ಅದಕ್ಕೂ ಹಿಂದಿನದು ಸಿಕ್ಕರೆ ಪಕ್ಕಕ್ಕಿಡಿ. ಈ ಏಜೆಂಟ್‌ಗೆ ಕನಿಷ್ಠ ಜಾವಾ 8 ಬೇಕು, ಅಲ್ಲಿಗೆ ಸದ್ಯ ಸಿಪಿಯು, ಮೆಮೊರಿ, ಡಿಸ್ಕ್‌ಗಳ ಅಂಕಿಅಂಶ ಕೊಡುವ ನೋಡ್ ಎಕ್ಸ್‌ಪೋರ್ಟರ್ ಹಾಕಿ ಯಂತ್ರದ ಆರೋಗ್ಯವನ್ನಾದರೂ ನೋಡುತ್ತಿರಿ. ಈಗಾಗಲೇ ಬೇರೊಂದು ಏಜೆಂಟ್ ಇರುವ ಜೆವಿಎಂ ಸಿಕ್ಕರೆ ಅದು ಯಾರದೆಂದು ಕೇಳದೆ ಮುಟ್ಟಬೇಡಿ. ಯಾರು ಏಳಿಸುತ್ತಾರೆಂದು ಯಾರಿಗೂ ಗೊತ್ತಿಲ್ಲದ ಒಂದೆರಡು ಸರ್ವರ್‌ಗಳು ಖಂಡಿತ ಸಿಗುತ್ತವೆ: ಹಿಂದೆ ಯಾರೋ ಕೈಯಿಂದ ಓಡಿಸಿ, ಅಂದಿನಿಂದ ಮರುಪ್ರಾರಂಭವೇ ಕಾಣದವು. ಅವನ್ನು ಮೊದಲು ಸಿಸ್ಟಮ್‌ಡಿ ಸೇವೆಯಾಗಿ ಮಾಡಿ, ಒಂದು ಸಲ ನಿಲ್ಲಿಸಿ ಏಳಿಸಿ ನೋಡಿ. ಏಜೆಂಟ್ ಆ ಪಟ್ಟಿಯ ಕೊನೆಯಲ್ಲಿ ಅಲ್ಲಿಗೆ ಹೋಗಲಿ. ಉಳಿದವುಗಳಲ್ಲಿ ಅತಿ ಸಾಧಾರಣವಾದ ಒಂದು ಟಾಮ್‌ಕ್ಯಾಟ್ ಆರಿಸಿ, ಹಾಕಿ ತೆಗೆಯುವುದನ್ನು ಐದು ಸಲ ಮಾಡಿ. ಐದನೆಯ ಸಲ ನಿಮ್ಮ ಕೈಪಿಡಿಯಲ್ಲಿ ಎಷ್ಟು ಹಂತಗಳು ಉಳಿದವು ಎಂದು ನನಗೆ ಬರೆದು ತಿಳಿಸಿ.